ಮಡಿಕೋಲಿನ ದೆವ್ವ

ಚೆನ್ನೈ ಫ್ಲಾಟುಗಳಲ್ಲಿ ಗೋಡೆ ತೆಳು, ನನ್ನ ಕಿವಿ ಚುರುಕು. ಹಾಗಾಗಿ ಇಂಥ ಕಥೆಗಳು ನನಗೆ ಸಿಗ್ತಾನೇ ಇರುತ್ತವೆ. ನಾನೇನೂ ಹುಡುಕಿಕೊಂಡು ಹೋಗೋಲ್ಲ.

೧. ಪುಸ್ತಕ

ಎದುರುಮನೆ ಬ್ಯಾಂಕಿನವರ ಹೆಂಡತಿ ಮಕ್ಕಳಿಗೆಂದು ದೆವ್ವದ ಕಾದಂಬರಿ ಬರೆದಳು. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿಕೊಂಡು ಮುಗಿಸೋಕೆ ಒಂದು ವಾರ ಹಿಡೀತು. ಆ ದೆವ್ವ ರಕ್ತ ಗಿಕ್ತ ಕುಡಿಯೋಲ್ಲ. ಮಡಿಬಟ್ಟೆ ಹರವೋ ಕೋಲು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತು, "ಸ್ನಾನ ಆಯ್ತೇನೋ? ದೂರ ನಿಲ್ಲು!" ಅಂತ ಮಕ್ಕಳನ್ನ ಗದರುತ್ತೆ.

ತಾರಸಿ ಮೇಲೆ ಸಂಡಿಗೆ ಇಡುವಾಗ ಅವಳನ್ನ ಕೇಳಿಯೇಬಿಟ್ಟೆ: "ಏನೇ, ನಿಮ್ಮತ್ತೆ ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಆಗಲೇ ದೆವ್ವ ಮಾಡಿಬಿಟ್ಟೆಯಲ್ಲೇ!"

ಅವಳ ಮುಖ ಸಂಡಿಗೆ ಹಿಟ್ಟಿನ ಥರಾ ಆಯ್ತು. "ನಿಮ್ಮ ದಮ್ಮಯ್ಯ ಮಾಮಿ, ಯಾರಿಗೂ ಹೇಳಬೇಡಿ. ಅತ್ತೆಗೆ ಗೊತ್ತಾದ್ರೆ ನಾನು ಆ ಮನೇಲಿರೋ ಹಾಗಿಲ್ಲ."

ಮಾತು ಕೊಟ್ಟೆ. ಸಂಜೆಯೊಳಗೆ ಮೂರು ಮಹಡಿಗೆ ಮಾತ್ರ ಹೇಳಿದ್ದು. ನಾಲ್ಕನೇದಕ್ಕೆ ಹತ್ತೋಕೆ ಮಂಡಿನೋವು.

೨. ತಾಲೀಮು

ಕನ್ನಡ ಸಂಘದವರು ಅದನ್ನ ನಾಟಕ ಮಾಡ್ತೀವಿ ಅಂದರು. ದೆವ್ವದ ಪಾತ್ರ ರೈಲ್ವೆಯವರ ಮಗಳದು. ಆ ಹುಡುಗಿ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಲ್ಲಿ ಉತ್ತರ ಕೊಡೋಳು. ಮಡಿ ಅಂದ್ರೇನು ಅಂತ್ಲೇ ಗೊತ್ತಿಲ್ಲ. ನಾನೇ ಅವಳನ್ನ ಕರೆದುಕೊಂಡು ಹೋಗಿ ಆ ಅತ್ತೆಯ ಮುಂದೆ ಕೂರಿಸಿದೆ.

ಅತ್ತೆಗೆ ಆನಂದವೋ ಆನಂದ. "ಈ ಕಾಲದಲ್ಲೂ ಮಡಿ ಕಲೀತೀನಿ ಅನ್ನೋ ಹುಡುಗಿ! ಕೋಲು ಹೀಗೆ ಹಿಡಿ ಮಗು. ಕಣ್ಣು ಬಿಡು. ಇನ್ನೂ ದೊಡ್ಡದಾಗಿ!"

ಬಾಗಿಲ ಹಿಂದೆ ನಿಂತು ಸೊಸೆ ನನಗೆ ಕೈ ಮುಗೀತಿದ್ದಳು. ದೆವ್ವ ತಾನೇ ಕೂತು ತನ್ನ ಪಾರ್ಟು ಹೇಳಿಕೊಟ್ಟಿದ್ದನ್ನ ನಾನು ನೋಡಿದ್ದು ಅದೊಂದೇ ಸಲ.

೩. ನಾಟಕ

"ಸೆಕೆ ಅತ್ತೆ, ನೀವು ಬರಬೇಡಿ" ಅಂತ ಸೊಸೆ ಎಷ್ಟೋ ಹೇಳಿದಳು. ಆದರೆ ನಮ್ಮ ಸಂಘದಲ್ಲಿ ದೀಪ ಹಚ್ಚೋದು ಎಲ್ಲರಿಗಿಂತ ಹಿರಿಯ ಹೆಂಗಸು. ಕಾರು ಕಳಿಸಿ ಎಗ್ಮೋರಿನ ಹಾಲಿಗೆ ಕರೆಸಿ, ಮೊದಲನೇ ಸಾಲಲ್ಲೇ ಕೂರಿಸಿದರು.

ದೆವ್ವ ಕೋಲೆತ್ತಿ "ದೂರ ನಿಲ್ಲು!" ಅಂದದ್ದೇ ತಡ, ಇಡೀ ಹಾಲು ಸ್ಟೇಜು ಬಿಟ್ಟು ಅತ್ತೆಯನ್ನೇ ನೋಡಿತು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಅತ್ತೆಯೇ!

ಮುಗಿದ ಮೇಲೆ ಸೊಸೆಯ ಕೈ ಹಿಡಿದುಕೊಂಡರು. "ನಂಗೆ ಆಗ್ಲೇ ಗೊತ್ತಾಯ್ತು ಕಣೇ, ಅದು ಯಾರು ಅಂತ."

ಸೊಸೆ ಅಳೋದೊಂದು ಬಾಕಿ.

"ನಿಮ್ಮಮ್ಮ! ಸುಮ್ಮಸುಮ್ಮನೆ ಗದರೋದು, ಆ ಕಣ್ಣು, ಥೇಟ್ ಬೀಗಿತ್ತೀನೇ! ಹೌದೋ ಅಲ್ವೋ?"

ಹೋದ ಜೀವ ಬಂದ ಹಾಗಾಗಿ ಸೊಸೆ ಒಂದೇ ಉಸಿರಿಗೆ, "ಹೌದತ್ತೆ, ನಮ್ಮಮ್ಮನೇ! ನಮ್ಮಮ್ಮನ್ನ ನೋಡಿಯೇ ಬರೆದಿದ್ದು!" ಅಂದಳು.

ಮಗಳ ನಾಟಕ ನೋಡೋಕೆ ಅಂತ್ಲೇ ಅವತ್ತು ಬೆಳಿಗ್ಗೆ ಮೈಸೂರಿಂದ ಬಂದಿಳಿದ ಅವಳಮ್ಮ, ಕಾಫಿ ಲೋಟ ಹಿಡಿದು ಬೆನ್ನ ಹಿಂದೆಯೇ ನಿಂತಿದ್ದರು.