ಪಂಪಿಗೆ ಟೋಪಿ

ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನೊಂದು ಆಜ್ಞೆ ಹೊರಡಿಸಿದೆ. ಇನ್ನು ಮುಂದೆ ಈ ಮನೆಯಲ್ಲಿ ನನ್ನ ಅಪ್ಪಣೆ ಇಲ್ಲದೆ ಯಾರೂ ಸಾಯಕೂಡದು!

ಮನುಷ್ಯರು ಇಂಥ ಆಜ್ಞೆಗೆ ಬೆಲೆ ಕೊಡುವುದಿಲ್ಲ. ನಮ್ಮ ಯಜಮಾನರೇ ಕೊಡಲಿಲ್ಲ. ಆಸ್ಪತ್ರೆಗೆ ಹೊರಟಾಗ, "ಬರುವಾಗ ಬಟ್ಟೆ ಒಣಹಾಕೋ ಹಗ್ಗ ತನ್ನಿ, ಹಳೇದು ಹರಿದಿದೆ" ಎಂದು ಹೇಳಿ ಕಳಿಸಿದ್ದೆ. ಹಗ್ಗವೂ ಬರಲಿಲ್ಲ, ಅವರೂ ಬರಲಿಲ್ಲ. ಆದರೆ ಮೀನುಗಳ ಮೇಲೆ ನನ್ನ ಆಜ್ಞೆ ನಡೆಯುತ್ತದೆ. ಅವಕ್ಕೆ ಎದುರು ಮಾತಾಡಲು ಬಾಯಿಲ್ಲ. ಬಾಯಿದೆ, ಶಬ್ದ ಇಲ್ಲ.

ಮೀನು ಎಂದರೆ ಅವರು ಸಾಕಿದ ಮೀನು. ಹಿತ್ತಲಲ್ಲಿ ಅವರೇ ಅಗೆದು, ಅವರೇ ಸಿಮೆಂಟು ಮೆತ್ತಿ ಮಾಡಿದ ಕೊಳ. ಕೊಳ ಎನ್ನುತ್ತಿದ್ದದ್ದು ಅವರು. ನಾನು ಗುಂಡಿ ಎನ್ನುತ್ತಿದ್ದೆ. ಜೀವಮಾನವೆಲ್ಲ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ದಿನಕ್ಕೊಮ್ಮೆ ಏನನ್ನಾದರೂ ಬಿಚ್ಚಿ ಕಟ್ಟದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಗುಂಡಿಯ ತಳಕ್ಕೆ ಒಂದು ಪಂಪು ಇಳಿಸಿದರು. ಅದು ನೀರು ಎಳೆದು ಮೇಲಕ್ಕೆ ಚಿಮ್ಮಿಸುತ್ತದೆ. ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತರೆಂದರೆ ಅರಮನೆಯ ಉದ್ಯಾನದಲ್ಲಿ ಕೂತ ಮಹಾರಾಜರೇ! ಮೈಮೇಲೆ ಮಾತ್ರ ತೂತು ಬನಿಯನ್.

ಮೀನುಗಳಿಗೆಲ್ಲ ಹೆಸರಿಟ್ಟವರೂ ಅವರೇ. ದೊಡ್ಡದು ಠೊಣಪ. ಬಾಲ ಹರಿದದ್ದು ಚಿಂದಿ. ಯಾವಾಗಲೂ ಹೆಂಡತಿಯ ಹಿಂದೆ ಸುತ್ತುವುದು ಅಳಿಯ. ಕಟ್ಟಕಡೆಗೆ ಹುಟ್ಟಿದ ಮರಿಗೆ ಸಾಸಿವೆ ಎಂದು ಹೆಸರಿಟ್ಟು ಆಸ್ಪತ್ರೆಗೆ ಹೋದರು. ಅವರು ಹೆಸರಿಟ್ಟ ಕೊನೆಯ ಜೀವ ಅದು. ಅದಕ್ಕೆ ನನಗೆ ಸಾಸಿವೆ ಎಂದರೆ ಪ್ರಾಣ. ಇದನ್ನು ಯಾರ ಹತ್ತಿರವೂ ಹೇಳಿಲ್ಲ. ಮೀನಿನ ಹತ್ತಿರವೂ ಹೇಳಿಲ್ಲ.

ಆ ದಿನ ಬೆಳಿಗ್ಗೆ ಎಂದಿನಂತೆ ಗಿಡಕ್ಕೆ ನೀರು ಹಾಕುತ್ತಿದ್ದೆ. ಕೊಳದ ನೀರು ಗಿಡಕ್ಕೆ ಒಳ್ಳೆಯದು ಎಂದು ಅವರು ಹೇಳುತ್ತಿದ್ದರು. ಸಣ್ಣ ತೂತಿನ ಮೂತಿಯ ಕ್ಯಾನನ್ನು ಕೊಳಕ್ಕೆ ಅದ್ದಿ ತುಂಬಿಸುವುದು, ಕುಂಡಗಳಿಗೆ ಹಾಕುವುದು. ಅರ್ಧ ಕ್ಯಾನು ಮುಗಿದಿತ್ತು. ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡಿನ ಮೇಲಿಂದ ತಲೆ ಹಾಕಿದರು. ಕ್ಯಾನನ್ನು ಗುಲಾಬಿ ಕುಂಡದ ಪಕ್ಕ ಇಟ್ಟು ಹೋದೆ.

"ಅಮ್ಮಾ, ನಿಮ್ಮ ಪಂಪಿಗೆ ಏನಾದ್ರೂ ಅಡ್ಡ ಕಟ್ಟಿದ್ದೀರಾ?"

"ಯಾಕೆ ಮೇಷ್ಟ್ರೇ?"

"ನಮ್ಮ ಷಡ್ಡಕನ ಮನೇಲಿ ಹಿಂಗೇ ಪಂಪು. ಮರಿ ಮೀನೆಲ್ಲ ಹೀರ್ಕೊಂಡುಬಿಡ್ತು. ಒಳಗೆ ಚಟ್ನಿ!"

ನನಗೆ ಸಾಸಿವೆಯದೇ ನೆನಪಾಯಿತು. ಆದರೆ ತೋರಿಸಿಕೊಳ್ಳಲಿಲ್ಲ.

"ನಾನಿರೋವರ್ಗೂ ಈ ಕೊಳದ ಒಂದು ಮೀನಿನ ಕೂದಲೂ ಕೊಂಕಲ್ಲ ಮೇಷ್ಟ್ರೇ!" ಎಂದೆ.

"ಮೀನಿಗೆ ಕೂದಲಿರಲ್ಲಮ್ಮಾ" ಎಂದರು ಮೇಷ್ಟ್ರು. ಪಾಠ ಮಾಡಿ ಮಾಡಿ ಅಭ್ಯಾಸ.

ಓಡಿಬಂದು ಕೊಳದಲ್ಲಿ ಬಗ್ಗಿ ನೋಡಿದೆ. ಠೊಣಪ ಇದ್ದ. ಚಿಂದಿ ಇತ್ತು. ಅಳಿಯ ಹೆಂಡತಿಯ ಹಿಂದೆ ಇದ್ದ. ಸಾಸಿವೆ ಇಲ್ಲ! ಕಲ್ಲಿನ ಸಂದಿ ನೋಡಿದೆ. ಎಲೆಯ ಅಡಿ ನೋಡಿದೆ. ಇಲ್ಲ. ಪಂಪು ಮಾತ್ರ ತಳದಲ್ಲಿ ಗುಂಯ್ ಎನ್ನುತ್ತ ಕೂತಿತ್ತು. ಹೊಟ್ಟೆ ತುಂಬ ಉಂಡವರ ಹಾಗೆ.

"ಬಾರೇ ಇಲ್ಲಿ! ಕೊಲೆಯಾಗಿದೆ!" ಎಂದು ಕೂಗಿದೆ.

ಬಂದವಳು ನನ್ನ ನಾದಿನಿ. ಯಜಮಾನರ ತಂಗಿ. ನಮ್ಮ ಮನೆಯಲ್ಲೇ ಇರುವುದು. ಮುಂದಿನ ರೂಮಿನಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಾಳೆ. ಕತ್ತಿನಲ್ಲಿ ಅಳತೆ ಟೇಪು, ಬಾಯಲ್ಲಿ ಗುಂಡುಸೂಜಿ. ಸೂಜಿ ತೆಗೆದರೂ ಅವಳ ಮಾತು ಚುಚ್ಚುತ್ತದೆ.

"ಯಾರ ಕೊಲೆ ಅತ್ತಿಗೆ?"

"ಸಾಸಿವೇದು. ಪಂಪು ನುಂಗಿದೆ. ಉಳಿದೋರನ್ನ ಕಾಪಾಡ್ಬೇಕು. ಪಂಪಿನ ಬಾಯಿಗೆ ಕಟ್ಟೋಕೆ ಸಣ್ಣ ಕಣ್ಣಿನ ಜರಡಿ ಬೇಕಿತ್ತು." ಸುಮ್ಮನಿರಬಹುದಿತ್ತು. ಇರಲಿಲ್ಲ. "ನಮ್ಮನೇಲೊಂದು ಇತ್ತು. ಎಷ್ಟು ಚೆನ್ನಾಗಿತ್ತು! ಯಾರೋ ತಗೊಂಡ್ರು."

"ಶುರುವಾಯ್ತು! ನಾನು ತಗೊಂಡಿಲ್ಲ ಅಂತ ಎಷ್ಟು ಸಲ ಹೇಳ್ಲಿ?"

"ಮತ್ತೆ ಅದಕ್ಕೇನು ಕಾಲು ಬಂತಾ? ನಿನ್ನ ಗುಂಡುಸೂಜಿ ಜಾಲಿಸೋಕೆ ತಗೊಂಡು ಎಲ್ಲೋ ಹಾಕಿದ್ದೀಯ."

"ಜರಡೀಲಿ ಯಾರಾದ್ರೂ ಸೂಜಿ ಜಾಲಿಸ್ತಾರಾ? ಅಯಸ್ಕಾಂತ ಇಟ್ಕೊಂಡಿದ್ದೀನಿ ನಾನು!"

ಈ ಜರಡಿ ವ್ಯಾಜ್ಯ ನಮ್ಮ ಮನೆಯಲ್ಲಿ ಹಳೆಯದು. ಸ್ಟೀಲಿನ ಹಿಟ್ಟಿನ ಜರಡಿ. ಅದರ ಅಂಚಿನಲ್ಲಿ ನಾನು ಜಿರಳೆಗೆ ಹೊಡೆದಾಗ ಆದ ನೆಗ್ಗು. ಒಂದು ದಿನ ಮಾಯವಾಯಿತು. ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ನಾವಿಬ್ಬರೂ ಅದರ ಬಗ್ಗೆ ಜಗಳವಾಡುತ್ತಿದ್ದೆವು. ಯಜಮಾನರು ಮಾತ್ರ ತಲೆ ಬಗ್ಗಿಸಿ ಊಟ ಮಾಡುತ್ತಿದ್ದರು. "ನಿಮ್ಮಿಬ್ಬರ ಮಧ್ಯೆ ನಾನು ಬರಲ್ಲಪ್ಪ" ಎನ್ನುತ್ತಿದ್ದರು. ಎಂಥ ದೊಡ್ಡ ಮನುಷ್ಯ ಎಂದುಕೊಳ್ಳುತ್ತಿದ್ದೆ.

ಜರಡಿ ಇಲ್ಲ. ಇನ್ನೇನು ಕಟ್ಟುವುದು? ಒಳಗೆ ಹೋದೆ. ಅವರ ಬಟ್ಟೆಯ ಬೀರು ತೆಗೆದೆ. ಅವರು ಹೋದ ಮೇಲೆ ಅದನ್ನು ತೆಗೆದದ್ದು ಅಂದೇ ಮೊದಲು. ವಾಸನೆ ಇನ್ನೂ ಇತ್ತು. ಹೆಚ್ಚು ಹೊತ್ತು ನಿಲ್ಲಲಿಲ್ಲ. ಕೈಗೆ ಸಿಕ್ಕಿದ್ದು ಉಣ್ಣೆಯ ಟೋಪಿ. ಎಷ್ಟು ಎಳೆದರೂ ಹಿಗ್ಗುತ್ತದೆ. ಅವರ ತಲೆಗೇ ಹಿಡಿಸುತ್ತಿತ್ತು ಎಂದರೆ ಪಂಪು ಯಾವ ಲೆಕ್ಕ!

"ಅಣ್ಣನ ಟೋಪಿ!" ಎಂದಳು ನಾದಿನಿ.

"ಅವರಿಗೇನು ಈಗ ಚಳಿನಾ?" ಎಂದೆ.

ಅವಳು ಹೋಗಿ ಪ್ಲಗ್ಗು ಕಿತ್ತಳು. ನಾನು ಭುಜದವರೆಗೂ ಕೈ ಇಳಿಸಿ, ಪಾಚಿ ನೀರಿನಲ್ಲಿ ತಡಕಾಡಿ, ಪಂಪಿಗೆ ಟೋಪಿ ಹಾಕಿದೆ. ಕೆಳಗಡೆ ಏನೋ ಅಗಲವಾಗಿ, ಗುಂಡಗೆ ಕೈಗೆ ತಾಗಿತು. ಪಂಪಿನ ಪಾದ ಇರಬೇಕು ಎಂದುಕೊಂಡೆ. ಅದನ್ನೂ ಸೇರಿಸಿ ಟೋಪಿ ಎಳೆದೆ. ನಾನು ಓದಿದ್ದು ಎರಡನೇ ಕ್ಲಾಸು. ಪಂಪಿಗೆ ಪಾದ ಇರುವುದಿಲ್ಲ ಎಂದು ಅಲ್ಲಿಯವರೆಗೆ ಪಾಠ ಬಂದಿರಲಿಲ್ಲ.

ಪ್ಲಗ್ಗು ಹಾಕಿದಳು. ಕಾರಂಜಿ ಒಂದು ಗೇಣು ಎದ್ದಿತು. ಅರ್ಧ ಗೇಣಿಗಿಳಿಯಿತು. ಆಮೇಲೆ ಜೊಲ್ಲು ಸುರಿಸಿದಂತೆ ಸುರಿಸಿತು. ಉಣ್ಣೆ ಪಂಪಿನ ಬಾಯಿಗೆ ಕಚ್ಚಿಕೊಂಡು ತಳದಿಂದ ಒಂದು ಸದ್ದು ಎದ್ದಿತು. ಗೊರ್ರ್ರ್... ಪುಸ್. ಗೊರ್ರ್ರ್... ಪುಸ್.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಅತ್ತಿಗೆ, ಥೇಟ್ ಅಣ್ಣನ ಗೊರಕೆ."

"ಹೂಂ."

ಅದೇ ಟೋಪಿ, ಅದೇ ಗೊರಕೆ. ಸ್ವಲ್ಪ ಹೊತ್ತು ಅಲ್ಲೇ ಕೂತು ಕೇಳಿದೆವು. ಬದುಕಿದ್ದಾಗ ಈ ಸದ್ದಿಗೆ ಎಷ್ಟು ಸಲ ಪಕ್ಕೆಗೆ ತಿವಿದಿದ್ದೇನೆ! ಈಗ ನಿಲ್ಲಿಸಲು ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ನಾದಿನಿಗೆ ನೆನಪಾಯಿತು. "ಆ ಟೋಪಿಗೆ ನುಸಿ ಹಿಡಿದು ದೊಡ್ಡ ತೂತಾಗಿತ್ತಲ್ಲ?"

ಹೌದಲ್ಲ! ಠೊಣಪನಂಥವನಿಗೇನೂ ಆಗದು, ಸಣ್ಣವರ ಗತಿ? ಮತ್ತೆ ಪ್ಲಗ್ಗು ಕಿತ್ತೆವು. ಹಗ್ಗದ ಮೇಲೆ (ಗಂಟು ಹಾಕಿದ ಅದೇ ಹಳೇ ಹಗ್ಗ) ನನ್ನ ಹೊಸ ಲಂಗ ಒಣಗುತ್ತಿತ್ತು. ರಕ್ತಗೆಂಪು. "ಬಣ್ಣ ಬಿಟ್ರೆ ನನ್ನ ಹೆಸರು ಬದಲಾಯಿಸಿ" ಎಂದು ಅಂಗಡಿಯವನು ಎದೆ ತಟ್ಟಿ ಕೊಟ್ಟದ್ದು. ಅದನ್ನು ಟೋಪಿಯ ಮೇಲೆ ನಾಲ್ಕು ಸುತ್ತು ಸುತ್ತಿ, ಲಾಡಿ ಬಿಗಿದು ಕಟ್ಟಿದೆ. ಜಗತ್ತಿನ ಯಾವ ಪಂಪಿಗೂ ಸಿಗದ ಮರ್ಯಾದೆ!

ಪ್ಲಗ್ಗು ಹಾಕಿದ ಗಳಿಗೆಗೇ ಅಂಗಡಿಯವನ ಹೆಸರು ಬದಲಾಯಿತು. ಏನು ಬದಲಾಯಿತು ಎಂದು ಬರೆಯುವ ಹಾಗಿಲ್ಲ. ತಳದಿಂದ ಕೆಂಪು ಹೊಗೆಯ ಹಾಗೆ ಎದ್ದಿತು. ಕಣ್ಣು ಮಿಟುಕಿಸುವುದರಲ್ಲಿ ಕೊಳವೆಲ್ಲ ಕೆಂಪು. ಕಾರಂಜಿಯೂ ಕೆಂಪು, ಬೊಳಕ್ ಬೊಳಕ್ ಎಂದು!

ಕಾಂಪೌಂಡಿನ ಮೇಲೆ ಮೇಷ್ಟ್ರ ತಲೆ ಎದ್ದಿತು. "ಅಯ್ಯೋ, ರಕ್ತ! ಎಲ್ಲಾ ಮೀನೂ ಚಟ್ನಿ!" ಎಂದು ಅರಚಿ ತಲೆ ಮುಳುಗಿತು. ಆಮೇಲೆ ಅದು ಏಳಲಿಲ್ಲ.

"ಮೊದ್ಲು ಪ್ಲಗ್ ಕೀಳಿ!" ಎಂದು ನಾದಿನಿ ಚೀರಿದಳು. ಕಿತ್ತು ಕೈಗೆ ಬಂದ ಕಡೆ ಬಿಸಾಕಿದೆ. ಅದು ನೀರಿನಲ್ಲೇ ಬಿತ್ತು. ಬಟ್ಟೆ ನೆನೆಸುವ ಟಬ್ಬು ತಂದು ಡ್ರಮ್ಮಿನ ಮಳೆ ನೀರು ಸುರಿದೆವು. ಅವಳು ಕೊಳಕ್ಕೇ ಇಳಿದಳು. ಪಾಚಿಗೆ ಕಾಲು ಜಾರಿ ಕೂತಳು. ಎದ್ದಳು. ಮತ್ತೆ ಕೂತಳು. ಮೀನು ಹಿಡಿಯುವುದು ಸುಮ್ಮನೆ ಅಲ್ಲ. ಠೊಣಪ ಅವಳ ಸೆರಗಿನಲ್ಲಿ ಸಿಕ್ಕಿ ಟಬ್ಬಿಗೆ ಬಂದ. ಅಳಿಯನನ್ನು ಹಿಡಿಯಲು ಆಗಲಿಲ್ಲ. ಹೆಂಡತಿಯನ್ನು ಹಿಡಿದೆವು. ಅವನು ತಾನಾಗಿಯೇ ಬಂದ.

ಎಲ್ಲರೂ ಟಬ್ಬಿಗೆ ಬಂದರು. ಸಾಸಿವೆ ಬರಲಿಲ್ಲ.

ನನಗೆ ಅಳು ಬಂತು. ಅಳುವ ಬದಲು ಒಂದು ಯೋಚನೆ ಮಾಡಿದೆ. ಅತ್ತಿದ್ದರೇ ವಾಸಿಯಿತ್ತು. ನುಂಗಿದ್ದನ್ನು ಪಂಪು ಉಗುಳಲೂಬಹುದಲ್ಲ? ಒದ್ದೆ ಪ್ಲಗ್ಗನ್ನು ಎತ್ತಿ ಚುಚ್ಚಿದೆ.

ಠಪ್!

ಮನೆಯೆಲ್ಲ ಕರೆಂಟು ಹೋಯಿತು. ಫ್ರಿಜ್ಜು ಉಸಿರು ಬಿಟ್ಟಿತು. ನಾದಿನಿಯ ಇಸ್ತ್ರಿ ಪೆಟ್ಟಿಗೆ ತಣ್ಣಗಾಯಿತು. ಅವಳು ಮಾತ್ರ ಕಾದಳು.

ಫೋನು ಮಾಡಿ ಕರೆಂಟಿನವನನ್ನು ಕರೆಸಿದಳು. ಅವನು ಹಿತ್ತಲಿಗೆ ಕಾಲಿಟ್ಟವನು ಅಲ್ಲೇ ನಿಂತ. ಕೆಂಪು ಕೊಳ. ಕೆಂಪು ಕೈಯ ನಾನು. ಸೊಂಟದವರೆಗೆ ಕೆಂಪಾಗಿ, ಕುತ್ತಿಗೆಗೆ ಟೇಪು ಸುತ್ತಿಕೊಂಡು ನಿಂತ ನಾದಿನಿ.

"ಅಮ್ಮಾ, ನಿಮಗೆ ಬೇಕಾಗಿದ್ದು ನಾನಾ? ಪೊಲೀಸರಾ?"

"ಪಂಪಿನೊಳಗೆ ನಮ್ಮ ಸಾಸಿವೆ ಇದೆಯಪ್ಪ" ಎಂದೆ.

"ಸಾಸಿವೆ ಡಬ್ಬಾನ ಪಂಪಿಗೆ ಯಾಕಮ್ಮಾ ಹಾಕಿದ್ರಿ?"

ಅವನಿಗೆ ತಿಳಿಸಿ ಹೇಳುವುದರೊಳಗೆ ಸಾಕಾಯಿತು. ಕೊನೆಗೆ ಪಂಪನ್ನು ಎತ್ತಿ ಕಟ್ಟೆಯ ಮೇಲೆ ಇಟ್ಟ. ಲಾಡಿ ಬಿಚ್ಚಿದ. ನಾಚಿಕೆಯಿಂದ ಮುಖ ಆ ಕಡೆ ತಿರುಗಿಸಿ ಲಂಗ ಬಿಚ್ಚಿದ. ಟೋಪಿ ಎಳೆದ.

ಟೋಪಿ ಬಂತು. ಪಂಪಿನ ಪಾದ ಕಾಣಿಸಿತು.

ಜರಡಿ!

ಸ್ಟೀಲಿನ ಹಿಟ್ಟಿನ ಜರಡಿ. ಪಂಪಿನ ಬಾಯಿಗೆ ಅಳತೆಯಾಗಿ ಕೂರಿಸಿ, ತಾಮ್ರದ ತಂತಿ ಬಿಗಿದು, ತಂತಿಯ ತುದಿ ಯಾರಿಗೂ ಚುಚ್ಚದ ಹಾಗೆ ಒಳಕ್ಕೆ ಮಡಚಿದ್ದರು. ತುದಿ ಮಡಚುವುದು ಅವರೊಬ್ಬರೇ. ಅಂಚಿನಲ್ಲಿ ಜಿರಳೆಯ ನೆಗ್ಗು ಹಾಗೇ ಇತ್ತು.

ನಾದಿನಿ ಸೊಂಟದ ಮೇಲೆ ಕೈಯಿಟ್ಟಳು. ಈ ಗಳಿಗೆಗಾಗಿ ಅವಳು ಎಷ್ಟು ಊಟ ಕಾದಿದ್ದಳೋ!

"ನೋಡಿ ಅತ್ತಿಗೆ. ಚೆನ್ನಾಗಿ ನೋಡಿ. ಜರಡಿಗೆ ಕಾಲು ಬಂದಿದೆಯಾ?"

"ಆ ಮನುಷ್ಯ..." ಎಂದೆ. "ನಾವಿಬ್ರೂ ಕಿತ್ತಾಡೋವಾಗ ಪಕ್ಕದಲ್ಲೇ ಕೂತು ತಿಂತಿದ್ರು!"

"ಎರಡನೇ ಸಲ ಹಾಕಿಸ್ಕೊಂಡೂ ತಿಂತಿದ್ದ!"

ದೊಡ್ಡ ಮನುಷ್ಯನಲ್ಲ, ದೊಡ್ಡ ಕಳ್ಳ! ಬಾಯಿ ತುಂಬ ಬೈಯೋಣ ಎಂದರೆ ಆಸಾಮಿ ಕೈಗೆ ಸಿಗುವ ಹಾಗಿಲ್ಲ. ಪಂಪಿಗೆ ಟೋಪಿ ಹಾಕಿದವಳು ನಾನು. ನಮ್ಮಿಬ್ಬರಿಗೂ ಟೋಪಿ ಹಾಕಿ ಹೋದವರು ಅವರು.

"ತಪ್ಪಾಯ್ತು ಕಣೇ" ಎಂದೆ. ಗಂಟಲಿನಿಂದ ಅದನ್ನು ಹೊರಕ್ಕೆ ತರಲು ಒಂದು ಪಂಪೇ ಬೇಕಿತ್ತು.

ಕರೆಂಟಿನವನು ಪಂಪಿನ ಮೇಲ್ಭಾಗ ಬಿಚ್ಚಿ ನೋಡಿದ. "ಮೀನು ಒಳಗೇ ಇರುತ್ತೆ ಬಿಡಿ, ನನ್ನ ಅನುಭವದಲ್ಲಿ ನೂರು ನೋಡಿದ್ದೀನಿ" ಎಂದವನಿಗೆ ಸಿಕ್ಕಿದ್ದು ಎರಡೆಳೆ ಉಣ್ಣೆ. ಜರಡಿಯ ಕಣ್ಣಿನಲ್ಲಿ ಇರುವೆಯೂ ನುಗ್ಗುವ ಹಾಗಿರಲಿಲ್ಲ.

ಹಾಗಾದರೆ ಸಾಸಿವೆ ಎಲ್ಲಿ?

ಅವರ ಕುರ್ಚಿಯಲ್ಲಿ ಕೂತುಬಿಟ್ಟೆ. ಟೋಪಿ ಹಿಂಡಿದೆ. ಕೆಂಪು ನೀರು ಸುರಿಯಿತು. ಜೊತೆಗೆ ನನ್ನ ಕಣ್ಣೂ ಸುರಿಯಿತು.

"ಅವರು ಬಿಟ್ಟು ಹೋಗಿದ್ದನ್ನ ಒಂದಾದ್ರೂ ಉಳಿಸ್ಕೋತೀನಿ ಅಂದ್ಕೊಂಡಿದ್ದೆ ಕಣೇ" ಎಂದೆ.

ನಾದಿನಿ ಈ ಸಲ ಚುಚ್ಚಲಿಲ್ಲ. "ಕೈ ಚಾಚಿ, ತೊಳ್ಕೊಳ್ಳಿ, ನೋಡೋಕಾಗಲ್ಲ" ಎಂದು ಗುಲಾಬಿ ಕುಂಡದ ಪಕ್ಕದ ಕ್ಯಾನು ಎತ್ತಿ ತಂದಳು. ಮೇಲಿನ ಬಾಯಿಯಿಂದಲೇ ಬಗ್ಗಿಸಿದಳು. ಬೊಗಸೆಗೆ ತಣ್ಣಗೆ ನೀರು ಬಿತ್ತು. ನೀರಿನ ಜೊತೆ ಇನ್ನೇನೋ ಬಿತ್ತು. ಮಿಸುಕಿತು. ಕಚಗುಳಿ ಇಟ್ಟಿತು.

ಸಾಸಿವೆ!

ಬೊಗಸೆಯನ್ನು ಹಾಗೇ ಹಿಡಿದು ಟಬ್ಬಿನವರೆಗೆ ನಡೆದೆ. ಕೈ ಬಿಟ್ಟೆ. ಅದು ಏನೂ ಆಗಿಲ್ಲವೆಂಬಂತೆ ಠೊಣಪನ ಹೊಟ್ಟೆಯ ಕೆಳಗೆ ಹೋಗಿ ಸೇರಿಕೊಂಡಿತು.

"ಈ ಕ್ಯಾನನ್ನ ಬೆಳಿಗ್ಗೆ ಕೊಳಕ್ಕೆ ಅದ್ದಿದ್ಯಾರು?" ಎಂದಳು ನಾದಿನಿ. ಉತ್ತರ ಗೊತ್ತಿದ್ದೇ ಕೇಳಿದ ಪ್ರಶ್ನೆ.

ನಾನು ಟಬ್ಬು ನೋಡುತ್ತ ನಿಂತೆ.

ಕರೆಂಟಿನವನು ತಲೆ ಕೆರೆದುಕೊಂಡ. "ಅಮ್ಮಾ, ಜರಡಿ ಬಿಚ್ಚಿ ಕೊಡ್ಲಾ? ತೊಳೆದ್ರೆ ಹೊಸದರ ಥರ ಆಗುತ್ತೆ."

"ಮುಟ್ಟಬೇಡ" ಎಂದೆ. "ಅವರು ಕಟ್ಟಿದ್ದು. ಅಲ್ಲೇ ಇರ್ಲಿ."

"ಇರ್ಲಿ ಬಿಡಪ್ಪ" ಎಂದಳು ನಾದಿನಿ, ಸೀರೆ ಹಿಂಡುತ್ತ. "ನಾಳೆ ನಾನು ಅಂಗಡಿಯಿಂದ ಹೊಸ ಜರಡಿ ತರ್ತೀನಿ."

ಸದ್ಯ, ಕೋಪ ಇಳಿಯಿತು ಎಂದುಕೊಂಡೆ. "ಹಿಟ್ಟಿಗಾ?" ಎಂದು ಮೆಲ್ಲಗೆ ಕೇಳಿದೆ.

"ಹಿಟ್ಟಿಗಲ್ಲ ಅತ್ತಿಗೆ. ಅಣ್ಣ ಪಂಪಿಗೊಂದು ಕಟ್ಟಿ ಹೋಗಿದ್ದಾನೆ. ನಿಮಗೆ ಕಟ್ಟೋದು ಮರೆತಿದ್ದಾನೆ."