ಒಳಗಿನಿಂದ ಬಿದ್ದ ಚಿಲಕ

ಕೊನೇ ಪುಟ ತೆರೆಯದೆಯೇ ಕೊಲೆಗಾರನನ್ನು ಹಿಡಿದು ತೋರಿಸುತ್ತೇನೆಂದು ಹೆಂಡತಿ ಪ್ರತಿಮಾಳ ಮುಂದೆ ಮೀಸೆ ತಿರುವಿದ್ದೆ! ಬಿಡದಿ ಫ್ಯಾಕ್ಟರಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಶುಕೂರ್ ಕೊಟ್ಟ ಪುಸ್ತಕ ಅದು, ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿದ ಹಳೇ ಪತ್ತೇದಾರಿ ಕಾದಂಬರಿ. ಒಂದು ಬಂಗಲೆ, ಒಂದು ಹೆಣ, ಮನೆ ತುಂಬ ನೆಂಟರು, ಅವರಲ್ಲಿ ಇಬ್ಬರು ಅವಳಿ, ಒಬ್ಬ ಸತ್ತಂತೆ ನಟಿಸುವವನು, ಸಾಲದ್ದಕ್ಕೆ ಹಿಂದಕ್ಕೆ ಓಡುವ ಗಡಿಯಾರ! ಯಾರು ಯಾರ ಚಿಕ್ಕಪ್ಪ ಎಂದು ನೆನಪಿಡುವುದರಲ್ಲೇ ನನ್ನ ವಾರದ ರಜೆ ಅರ್ಧ ಕರಗಿತ್ತು.

ಅದೇ ದಿನ ನಮ್ಮ ಹುಳು ಮನೆಯಲ್ಲಿ ರೇಷ್ಮೆಹುಳುಗಳು ಹಣ್ಣಾಗಿ ಗೂಡು ಕಟ್ಟಲು ಅಣಿಯಾಗತೊಡಗಿದವು. ಊರಿನ ಗಂಡಸರೆಲ್ಲ ಫ್ಯಾಕ್ಟರಿ ಬಸ್ಸು ಹತ್ತಿದ ಮೇಲೆ ಹುಳು ಸಾಕುವುದು ಹೆಂಗಸರ ಪಾಲಾಗಿತ್ತು. ಹಿಂದಿನ ಬೆಳೆ ಸುಣ್ಣಕಟ್ಟು ರೋಗಕ್ಕೆ ಹೋಗಿತ್ತು. ಈ ಬೆಳೆಯನ್ನು ಪ್ರತಿಮಾ ಒಬ್ಬಳೇ ನಿದ್ದೆಗೆಟ್ಟು ಮಗುವಿನ ಹಾಗೆ ಸಾಕಿದ್ದಳು. ಮಗಳು ಧನುಶ್ರೀಯ ಕಿವಿಗೆ ಓಲೆ ಬರಬೇಕಾದದ್ದು ಇದರಿಂದಲೇ. ಹಣ್ಣಾದ ಹುಳುವನ್ನು ಹೊತ್ತು ಮೀರುವ ಮೊದಲು, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಇಲ್ಲದಿದ್ದರೆ ಕಸದಲ್ಲೇ ಗೂಡು ಕಟ್ಟಿ ಹಾಳಾಗುತ್ತದೆ. ಆಳು ಕರೆದು ತರುತ್ತೇನೆ, ಅಷ್ಟರಲ್ಲಿ ಹಳದಿಗೆ ತಿರುಗಿದ ಹುಳುಗಳನ್ನು ಆರಿಸಿ ಬಿಡುತ್ತಿರಿ ಎಂದು ಹೇಳಿ ಅವಳು ಹೋದಳು.

ಆರಿಸಿದೆ, ಒಂದು ಕೈಯಲ್ಲಿ! ಇನ್ನೊಂದರಲ್ಲಿ ಪುಸ್ತಕ. ಪತ್ತೇದಾರ ಆಗತಾನೆ ಗುಟ್ಟು ಬಿಚ್ಚುತ್ತಿದ್ದ. ಕೊಲೆಗಾರ ಹೊರಗೆ ನಿಂತೇ ದಾರದಿಂದ ಒಳಗಿನ ಚಿಲಕ ಹಾಕಿದ್ದನಂತೆ! ಬರೀ ಬೊಗಳೆ ಎನಿಸಿತು. ತಲೆಯೆತ್ತಿ ನೋಡಿದರೆ, ಹುಳುವಿಗೆ ಕಂಟಕವಾದ ಊಜಿ ನೊಣ ನುಗ್ಗದಂತೆ ಕಿಟಕಿಗೆಲ್ಲ ಸರಳು, ಬಲೆ. ಇರುವುದು ಒಂದೇ ಬಾಗಿಲು. ಇಂಥ ಪ್ರಶಸ್ತವಾದ ಕೊಲೆಯ ಕೋಣೆ ಇಂಗ್ಲೆಂಡಿನಲ್ಲೂ ಸಿಗಲಾರದು!

ಹೊಲಿಗೆ ದಾರವನ್ನು ಚಿಲಕಕ್ಕೆ ಸುತ್ತಿ, ಬಾಗಿಲ ಸಂದಿಯಿಂದ ಹೊರಕ್ಕೆ ತೂರಿಸಿ, ಆಚೆ ಬಂದು ಬಾಗಿಲೆಳೆದು ಜಗ್ಗಿದೆ. ಟಕ್! ದಾರ ನನ್ನ ಕೈಗೆ ಬಂತು, ಚಿಲಕ ಒಳಗೆ ಬಿತ್ತು. ನಾನೇ ಕಂಡುಹಿಡಿದವನಂತೆ ಎದೆಯುಬ್ಬಿಸಿ ಅಂಗಳದಲ್ಲಿ ಒಂದು ಸುತ್ತು ಹಾಕಿದೆ. ಆಮೇಲೆ, ತೆಗೆಯುವುದು ಹೇಗೆಂದು ಪುಟ ತಿರುವಿದೆ. ಅಲ್ಲಿ ಪೊಲೀಸರು ಬಾಗಿಲು ಒಡೆದಿದ್ದರು. ನಮ್ಮದು ಹಲಸಿನ ಮರದ ಬಾಗಿಲು, ಮಾವ ಮಾಡಿಸಿಕೊಟ್ಟದ್ದು.

ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮನನ್ನು ಕರೆದುಕೊಂಡು ಪ್ರತಿಮಾ ಬಂದಳು. ಬಾಗಿಲು ತಳ್ಳಿದಳು. ನನ್ನ ಕಡೆ ತಿರುಗಿದಳು.

“ಒಳಗಿಂದ ಚಿಲ್ಕ ಹಾಕೈತಲ್ರೀ. ಯಾರವ್ರೆ ಒಳಗೆ?”

ನಿಜ ಹೇಳಲೆಂದೇ ಬಾಯಿ ತೆರೆದೆ. ಬಂದ ಮಾತು ಬೇರೆ.

“ನಂಗೇನು ಗೊತ್ತು?”

ಮುಗೀತು! ಹುಳು ಮನೆಗೆ ಕಳ್ಳ ಹೊಕ್ಕಿದ್ದಾನೆಂದು ಕೇರಿಯೇ ದೊಣ್ಣೆ ಹಿಡಿದು ಬಂತು. ಕಿಟಕಿಯ ಬಲೆಯಿಂದ ಇಣುಕಿದವರು, ಯಾರೂ ಕಾಣದಿದ್ದಾಗ, ತಟ್ಟೆಗಳ ಸಾಲಿನ ಹಿಂದೆ ಅಡಗಿದ್ದಾನೆ ಎಂದುಕೊಂಡರು. ಎದುರುಮನೆಯ ಕೆಂಚಯ್ಯ ಬಾಗಿಲು ಮೀಟಲು ಹಾರೆ ತಂದ. ನಾನು ಅಡ್ಡ ನಿಂತೆ. ಒಡೆದರೆ ಒಳಗೆ ಯಾರೂ ಇಲ್ಲದ್ದು ಬಯಲಾಗುತ್ತದಲ್ಲ! ಪೊಲೀಸರು ಬರುವ ತನಕ ಮುಟ್ಟಬಾರದು, ಸಾಕ್ಷಿ ಅಳಿಸಿಹೋಗುತ್ತದೆ ಎಂದು ಪತ್ತೇದಾರನ ಗತ್ತಿನಲ್ಲೇ ಸಾರಿದೆ. ಓದಿದವನ ಮಾತೆಂದು ಎಲ್ಲರೂ ಕೂತರು.

ಠಾಣೆಗೆ ಫೋನು ಹೋದರೂ ಪೊಲೀಸರು ಬರಲಿಲ್ಲ. ಹೊತ್ತು ಇಳಿಯಿತು. ಬಲೆಯಾಚೆ ಹುಳುಗಳು ತಲೆಯೆತ್ತಿ ಜಾಗ ಹುಡುಕಿ, ಸಿಗದೆ, ತಟ್ಟೆಯಿಂದ ನೆಲಕ್ಕೆ ಉದುರುತ್ತಿದ್ದವು. ನಾನು ಮಾತ್ರ ಬಾಗಿಲಿಗೆ ಕಾವಲು ನಿಂತೇ ಇದ್ದೆ.

ಆಗ ಪ್ರತಿಮಾ ಬಾಗಿಲಿಗೆ ಹಣೆ ಹಚ್ಚಿ, ಒಳಗಿಲ್ಲದ ಆ ಕಳ್ಳನನ್ನು ಬೇಡಿಕೊಳ್ಳತೊಡಗಿದಳು.

“ಅಣ್ಣಾ, ಏನ್ ಬೇಕೋ ತಕೊಂಡೋಗು, ಯಾರೂ ನಿನ್ನ ಮುಟ್ಟಾಕಿಲ್ಲ. ಹುಳಾನ ಮಾತ್ರ ಒಸಿ ಚಂದ್ರಿಕೆಗೆ ಬುಟ್ಬುಡು. ನಿನ್ ದಮ್ಮಯ್ಯ.”

ಅದನ್ನು ಕೇಳಿ ತಡೆಯಲಾಗಲಿಲ್ಲ. ಜೇಬಿನಿಂದ ದಾರ ತೆಗೆದು ತೋರಿಸಿ ಎಲ್ಲ ಹೇಳಿಬಿಟ್ಟೆ. ಯಾರೂ ನಗಲಿಲ್ಲ. ಕೆಂಚಯ್ಯ ನನ್ನ ಮುಖ ನೋಡದೆ ಹಾರೆ ಎತ್ತಿಕೊಂಡ.

ಬಾಗಿಲು ಬಿದ್ದಾಗ ಮುಕ್ಕಾಲು ಬೆಳೆ ಹಿಕ್ಕೆಯಲ್ಲೇ ನೂಲು ಸುತ್ತತೊಡಗಿ ಹೊಲಸಾಗಿತ್ತು. ಅಂಥ ಗೂಡನ್ನು ರಾಮನಗರದ ಮಾರ್ಕೆಟ್ಟಿನಲ್ಲಿ ಮೂಸಿಯೂ ನೋಡುವುದಿಲ್ಲ. ಪ್ರತಿಮಾ ಕೂತು, ಉಳಿದ ಹುಳುಗಳನ್ನು ಒಂದೊಂದೇ ಆರಿಸಿ ಚಂದ್ರಿಕೆಗೆ ಬಿಡತೊಡಗಿದಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಹೋಗಲಿ ಬಿಡು, ಸದ್ಯ ಕಳ್ಳ ಅಲ್ಲವಲ್ಲ ಎಂದು ಚಿಕ್ಕಲಕ್ಷ್ಮಮ್ಮ ಸಮಾಧಾನ ಹೇಳಿದಳು. ಪ್ರತಿಮಾ ತಲೆಯೆತ್ತಲಿಲ್ಲ.

“ಕಳ್ಳನೇ ಆಗಿದ್ರೆ ವಾಸಿ ಇತ್ತು ಕಣಕ್ಕ. ಬಂದು, ಹೊಂಟೋಗೋನು.”