ಪೊರಕೆ ಗಾಡಿ ದಾಟುವುದಿಲ್ಲ

ಆ ದಿನದ ಫಜೀತಿಗೆಲ್ಲ ಮೂಲ ಒಂದು ಪ್ಲಗ್ಗು. ಒರ್ಮೆಯಾ ಎಂಬ ಬೆಟ್ಟದೂರಿನಲ್ಲಿ ತೆರ್ಸಿಲ್ಲಾ ನಡೆಸುವ ವಸತಿಗೃಹದ ಮಹಡಿಯ ಕೋಣೆಯಲ್ಲಿ, ಮಂಚದ ಹಿಂದೆ, ಯಾರ ಕಣ್ಣಿಗೂ ಬೀಳದ ಹಾಗೆ ಜಿಲ್ದೊ ಅದನ್ನು ಸಿಕ್ಕಿಸಿ ಮಲಗಿದ್ದ. ವೈರಿನ ಇನ್ನೊಂದು ತುದಿಯಲ್ಲಿ ಇದ್ದದ್ದು ಸೈಕಲ್ಲಿನ ನೀರಿನ ಬಾಟಲಿ. ನೀರಿನ ಬಾಟಲಿಗೆ ಕರೆಂಟು ಯಾಕೆ ಎಂದು ಕೇಳಬಹುದು. ಅದರಲ್ಲಿ ನೀರಿರಲಿಲ್ಲ, ಬ್ಯಾಟರಿ ಇತ್ತು. ಸೀಟಿನ ಕೆಳಗಿನ ಕೊಳವೆಯೊಳಗೆ ಅಡಗಿದ ಪುಟ್ಟ ಮೋಟಾರಿಗೆ ಅದೇ ಊಟ. ಕೂನೆಯೊದಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಅಕ್ಕನ ಮಗ ಇವಾನೊ ಅದನ್ನು ಕೂರಿಸಿಕೊಟ್ಟು, "ದೇವರಾಣೆ ಯಾರಿಗೂ ಬಾಯಿ ಬಿಡಲ್ಲ ಮಾವ" ಎಂದಿದ್ದ.

ಜಿಲ್ದೊ ಇಪ್ಪತ್ತೆರಡು ವರ್ಷಗಳಿಂದ ಪ್ರವಾಸಿಗರನ್ನು ಆಲ್ಪ್ಸ್ ಬೆಟ್ಟಗಳಿಂದ ಸಮುದ್ರದವರೆಗೆ ಸೈಕಲ್ ಮೇಲೆ ಕರೆದೊಯ್ಯುವ ಮಾರ್ಗದರ್ಶಿ. ಆರು ದಿನದ ದಾರಿ. ಎಲ್ಲರಿಗಿಂತ ಮುಂದೆ ಜಿಲ್ದೊ, ಎಲ್ಲರಿಗಿಂತ ಹಿಂದೆ ಓರೆಸ್ತೆ ಓಡಿಸುವ ಸಾಮಾನಿನ ವ್ಯಾನು. ಸುಸ್ತಾಗಿ ಕೂತವರನ್ನು ಗುಡಿಸಿ ಒಳಗೆ ಹಾಕಿಕೊಳ್ಳುವುದು ವ್ಯಾನಿನ ಕೆಲಸವಾದ್ದರಿಂದ ಅದರ ಹಿಂದೆ ಪದ್ಧತಿಯಂತೆ ಒಂದು ಪೊರಕೆ ಕಟ್ಟಿರುತ್ತದೆ. ಎಲ್ಲರೂ ಅದನ್ನು ಪೊರಕೆ ಗಾಡಿ ಎಂದೇ ಕರೆಯುವುದು.

ಐವತ್ತಾರು ದಾಟಿದ ಮೇಲೆ ಜಿಲ್ದೊನ ಮೊಣಕಾಲು ಅವನ ಮಾತು ಕೇಳುವುದನ್ನು ಬಿಟ್ಟಿತ್ತು. ಜೂನ್ ತಿಂಗಳಲ್ಲಿ ಎರಡು ಸಲ ಕೊನೆಯ ಘಾಟಿಯಲ್ಲಿ ಪ್ರವಾಸಿಗರೇ ಅವನಿಗಿಂತ ಮೊದಲು ಮೇಲೆ ಹೋಗಿ, "ಎಲ್ಲಿ ನಮ್ಮ ಮಾರ್ಗದರ್ಶಿ?" ಎಂದು ವಿಚಾರಿಸಿದ್ದರು. ವಿಚಾರಿಸಿದ್ದು ಪ್ರವಾಸ ಕಂಪನಿಯ ಒಡತಿ ವಿತ್ತೋರಿನಾ ಮೇಡಮ್ ಅವರನ್ನೇ. ಪ್ರತಿ ಪ್ರವಾಸದ ಕೊನೆಯ ದಿನ ಮೇಡಮ್ ಸಮುದ್ರದ ಕಡೆಯಿಂದ ತಾವೇ ಸೈಕಲ್ ತುಳಿದುಕೊಂಡು ಸಾನ್ ಬಾರ್ತೊಲೊಮೆಯೊ ಘಾಟಿಯ ತಲೆಯಲ್ಲಿ ಬಂದು ನಿಲ್ಲುತ್ತಿದ್ದರು.

"ಅರವತ್ನಾಲ್ಕಾಯ್ತು ನನಗೆ. ನಾನು ಹತ್ತಿ ಬರ್ತೀನಿ, ನಿನಗೇನೋ ಧಾಡಿ?" ಎಂದು ಅವರು ಎಲ್ಲರೆದುರಿಗೇ ಕೇಳಿದ್ದರು. "ಇನ್ನೊಂದ್ ಸಲ ಹಿಂದೆ ಬಿದ್ರೆ ನೋಡು. ಓರೆಸ್ತೆ ಈ ವರ್ಷ ರಿಟೈರ್ ಆಗ್ತಿದಾನೆ. ಮುಂದಿನ ವರ್ಷ ಪೊರಕೆ ಗಾಡಿ ನಿನಗೆ."

ಜಿಲ್ದೊನ ಊರಿನಲ್ಲಿ ಅವನು 'ಮುಂದೆ ಹೋಗುವ ಜಿಲ್ದೊ' ಎಂದೇ ಪ್ರಸಿದ್ಧ. ಪೊರಕೆ ಕಟ್ಟಿದ ಗಾಡಿಯಲ್ಲಿ ಆ ಊರಿನೊಳಗೆ ಹೋಗುವುದೆಂದರೆ ಅವನಿಗೆ ಸತ್ತಂತೆಯೇ. ಆದ್ದರಿಂದ ಬಾಟಲಿ.

ಬೆಳಿಗ್ಗೆ ಆರು ಗಂಟೆಗೆ ತೆರ್ಸಿಲ್ಲಾ ಊಟದ ಮನೆಯ ನಡುವೆ ಹಸಿ ಬ್ರೆಡ್ಡಿನ ತಟ್ಟೆ ಹಿಡಿದು ನಿಂತಿದ್ದಳು.

"ಲೈಟ್ ಹಾರಿದೆ!" ಎಂದು ಕೂಗಿದಳು. "ರಾತ್ರಿ ಹತ್ತಕ್ಕೆ ಬಾಯ್ಲರ್ ಹಾಕಿ ಮಲಗಿದೆ, ಆಗಲೇ ಹಾರಿದೆ. ಒಲೆ ತಣ್ಣಗಿದೆ, ಹಾಲು ಒಡೆದಿದೆ. ನನ್ನ ಮೀಟರು ಮೂರೇ ಮೂರು ಕಿಲೋವ್ಯಾಟಿಂದು. ಬಾಯ್ಲರ್ ಹಾಕಿದಾಗ ನಾನು ಇಸ್ತ್ರಿ ಕೂಡ ಮುಟ್ಟಲ್ಲ. ಯಾವ ಮಹಾರಾಯರು ಏನು ಸಿಕ್ಕಿಸಿದ್ರಿ, ಹೇಳಿ!"

ನಮ್ಮ ಕಡೆ ಮನೆಮನೆಗೂ ಈ ಮೂರು ಕಿಲೋವ್ಯಾಟಿನ ಮೀಟರೇ. ಒಂದು ಯಂತ್ರ ಹೆಚ್ಚಾದರೆ ಲೈಟು ಹಾರುತ್ತದೆ. ಯಾರಾದರೂ ಬೀದಿಬಾಗಿಲಿಗೆ ಹೋಗಿ ಮೀಟರಿನ ಗುಂಡಿ ಎತ್ತುವವರೆಗೂ ಕತ್ತಲೇ. ಬಾಟಲಿಗೆ ರಾತ್ರಿಯಿಡೀ ಕರೆಂಟು ಸಿಕ್ಕಿಲ್ಲ ಎಂದಾಯಿತು. ಜಿಲ್ದೊ ಛಾವಣಿ ನೋಡಿದ. ಈ ಸಲದ ನಾಲ್ವರು ಪ್ರವಾಸಿಗರಲ್ಲಿ ಒಬ್ಬರಾದ ಇಂಜಿನಿಯರ್ ಜಾನೆತ್ತಿ ಸಾಹೇಬರೂ ಛಾವಣಿ ನೋಡುತ್ತಿದ್ದರು. ಹೊಟ್ಟೆ ಬಂದ ದಂತವೈದ್ಯ ಕಾಸ್ತಾಲ್ದಿ ಮತ್ತು ಅವರ ಹೆಂಡತಿ ಜೆಮ್ಮಾ ಒಟ್ಟಿಗೇ ಕಾಫಿ ಬಟ್ಟಲಿನೊಳಗೆ ಇಣುಕುತ್ತಿದ್ದರು.

"ನನ್ನ ಕೂದಲು ಒಣಗಿಸೋ ಯಂತ್ರ ಇರಬೇಕು ಕಣಮ್ಮ, ತಪ್ಪಾಯ್ತು" ಎಂದರು ಪಾಲ್ಮಿರಾ ಟೀಚರು. ಎಪ್ಪತ್ತೊಂದು ವರ್ಷದ ನಿವೃತ್ತ ಶಿಕ್ಷಕಿ. ಅವರ ತಲೆಯಲ್ಲಿ ಇದ್ದದ್ದೇ ಎರಡು ಬೆರಳು ಉದ್ದದ ಕೂದಲು. ಆದರೂ ಯಾರೂ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

ಎಲ್ಲರೂ ಸೈಕಲ್ ತರಲು ಕೋಣೆಗಳಿಗೆ ಹೋದರು. ಕಳ್ಳರ ಭಯವೆಂದು ಜಿಲ್ದೊ ತನ್ನದನ್ನು ಮಹಡಿಗೆ ಹೊತ್ತುಕೊಂಡು ಹೋಗಿದ್ದ. ಇಂಜಿನಿಯರೂ ಡಾಕ್ಟರ ಜೋಡಿಯೂ ಅದನ್ನೇ ಹೇಳಿ ಹೊತ್ತುಕೊಂಡು ಹೋಗಿದ್ದರು. ಟೀಚರ ಹಳೆಯ ಕಬ್ಬಿಣದ ಸೈಕಲ್ಲು ಮಾತ್ರ ಬೆತ್ತದ ಬುಟ್ಟಿಯ ಸಮೇತ ರಾತ್ರಿಯೆಲ್ಲ ಬೀದಿ ನಲ್ಲಿಗೆ ಒರಗಿ ನಿಂತಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

ಬಾಟಲಿಯ ತಳದಲ್ಲಿ ಹಸಿರು ಹೊಳೆಯಬೇಕಿದ್ದ ದೀಪ ಕೆಂಪಗೆ ಮಿಣುಕುತ್ತಿತ್ತು. ಇರುವ ಚೂರನ್ನು ಕೊನೆಯ ಘಾಟಿಗೆ ಉಳಿಸಿಕೊಳ್ಳಬೇಕೆಂದು ಜಿಲ್ದೊ ನಾವಾ ಘಾಟಿಯನ್ನು ಸ್ವಂತ ಕಾಲಿನಲ್ಲೇ ಹತ್ತಿದ. ಹಿಂದಿನ ಐದು ದಿನ ಈ ಜನ ಅವನ ಬೆನ್ನಿಗೆ ಉಸಿರು ಬಿಡುತ್ತ ಬಂದಿದ್ದರು. ಬಯಲುಸೀಮೆಯ ಹೊಟ್ಟೆ ಡಾಕ್ಟರು ಬೆಟ್ಟದ ಮೇಕೆಯ ಹಾಗೆ ಹತ್ತುವುದನ್ನು ಕಂಡು, ಮೋಟಾರು ಇಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂದು ಅವನು ಬೆವರಿದ್ದ. ಇವತ್ತು ನೋಡಿದರೆ ಒಬ್ಬರೂ ಮುಂದೆ ಬರಲೊಲ್ಲರು.

"ನಿಧಾನ ಜಿಲ್ದೊ, ನಿಧಾನ" ಎಂದರು ಇಂಜಿನಿಯರು. "ಈ ಲ್ಯಾವೆಂಡರ್ ಹೂವು ನೋಡಿ, ಎಷ್ಟು ನೇರಳೆ!"

"ನಿನ್ನೆವರೆಗೆ ನನ್ನ ಹಿಂದಿನ ಚಕ್ರ ಬಿಟ್ಟು ಬೇರೆ ಏನೂ ನೋಡಿರಲಿಲ್ಲ ತಾವು" ಎಂದ ಜಿಲ್ದೊ.

"ಕೊನೆಯ ದಿನ ಅಲ್ವೇ, ಮನಸ್ಸು ಭಾರ ಆಗಿದೆ."

ಭಾರ ಆಗಿದ್ದು ಮನಸ್ಸಲ್ಲ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಇಳಿಜಾರು ಮುಗಿದು ಪಿಯೆವೆ ದಿ ತೆಕೊ ಊರಿನ ಕಮಾನುಗಳ ಕೆಳಗೆ ಕಾಫಿಗೆ ನಿಂತರು. ಇನ್ನೊಂದೇ ಘಾಟಿ ಬಾಕಿ. ಹತ್ತು ನಿಮಿಷ ಕರೆಂಟು ಸಿಕ್ಕರೂ ಸಾಕೆಂದು ಜಿಲ್ದೊ ಬಾಟಲಿಯನ್ನು ಅಂಗಿಯೊಳಗೆ ಅವಿತಿಟ್ಟುಕೊಂಡು ಅಂಗಡಿಯ ಹಿಂಬದಿಗೆ ನುಸುಳಿದ. ಐಸ್‌ಕ್ರೀಮ್ ಪೆಟ್ಟಿಗೆಯ ಹಿಂದೆ ಗೋಡೆಯಲ್ಲಿ ಒಂದು ಸಾಕೆಟ್ಟು ಇತ್ತು. ಅದರ ಮುಂದೆ ಇಂಜಿನಿಯರ್ ಸಾಹೇಬರು ಮಂಡಿಯೂರಿದ್ದರು.

"ಬೂಟಿನ ದಾರ ಕಟ್ತಾ ಇದ್ದೆ" ಎಂದರು. ಅವರ ಬೂಟಿಗೆ ದಾರವೇ ಇರಲಿಲ್ಲ.

ಅಷ್ಟರಲ್ಲಿ ಡಾಕ್ಟರು ಬಂದರು. "ಕೈ ತೊಳೆಯೋದೆಲ್ಲಿ?" ಹಿಂದೆಯೇ ಜೆಮ್ಮಾ. "ನಮ್ಮವರನ್ನ ಹುಡುಕ್ತಾ ಇದ್ದೆ."

ನಾಲ್ವರ ಅಂಗಿಯೂ ಒಂದು ಕಡೆ ಉಬ್ಬಿತ್ತು. ಸಾಕೆಟ್ಟಿನ ಸುತ್ತ ನಾಲ್ವರೂ ನಿಂತಿದ್ದಾಗ ಅಂಗಡಿಯ ಯಜಮಾನ ಪರದೆ ಸರಿಸಿದ.

"ಏನ್ ಸ್ವಾಮಿ, ಗೋಡೆಗೆ ಪೂಜೆ ಮಾಡ್ತಿದೀರಾ? ಪಾಯಿಖಾನೆ ಅಂಗಳದಲ್ಲಿದೆ, ಒಬ್ಬೊಬ್ಬರೇ ಹೋಗಿ!" ಎಂದು ಗದರಿ ಎಲ್ಲರನ್ನೂ ಹೊರಗೆ ಅಟ್ಟಿದ.

ಹೊರಗೆ ಟೀಚರು ಅಂಜೂರ ಸುಲಿಯುತ್ತ ಕೂತಿದ್ದರು. ಪಕ್ಕದಲ್ಲಿ ಓರೆಸ್ತೆ ವ್ಯಾನಿಗೆ ಒರಗಿ ನಗುತ್ತಿದ್ದ. ಆರು ದಿನವೂ ಟೀಚರೇ ಎಲ್ಲರಿಗಿಂತ ಕೊನೆ. ಅವನು ಮೊದಲನೇ ಗೇರಿನಲ್ಲಿ ಅವರ ಹಿಂದೆ ತೆವಳುತ್ತ, ಸ್ಟಿಯರಿಂಗಿನ ಮೇಲೆ ಪದಬಂಧ ಇಟ್ಟುಕೊಂಡು ಬಿಡಿಸುತ್ತಿದ್ದ.

"ಏನೋ ಜಿಲ್ದೊ, ಮುಖ ಯಾಕೋ ಬಾಡಿದೆ? ಒಳಗೆ ಜಾಗ ಮಾಡ್ಲಾ?"

"ನಿನ್ನ ಗಾಡಿ ಹತ್ತೋದಕ್ಕಿಂತ ಕತ್ತೆ ಹತ್ತೇನು, ಮುಚ್ಕೊಂಡಿರೋ!"

ಸಾನ್ ಬಾರ್ತೊಲೊಮೆಯೊದ ಏರು ಶುರುವಾದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮೂರನೇ ತಿರುವಿನಲ್ಲಿ ಮೋಟಾರು ಒಮ್ಮೆ ಬಿಕ್ಕಿ ಸುಮ್ಮನಾಯಿತು. ಸೈಕಲ್ಲು ಇದ್ದಕ್ಕಿದ್ದ ಹಾಗೆ ಅಕ್ಕಿಮೂಟೆ ಹೇರಿದಷ್ಟು ಭಾರವಾಯಿತು. ಐದನೇ ತಿರುವಿನಲ್ಲಿ ಜಿಲ್ದೊ ಒಂದು ಆಲಿವ್ ಮರದ ನೆರಳಿಗೆ ಬಿದ್ದುಕೊಂಡ. ಒಂದೊಂದಾಗಿ ಇನ್ನೂ ಮೂರು ಸೈಕಲ್ಲು ಬಂದು ಅದೇ ನೆರಳಿನಲ್ಲಿ ಬಿದ್ದವು. ಕುಡಿಯುವ ನೀರು ಎಲ್ಲರದೂ ಮುಗಿದಿತ್ತು.

"ಜಿಲ್ದೊ, ನಿಮ್ಮ ಎರಡನೇ ಬಾಟಲಿ ತುಂಬಿದೆಯಲ್ಲ, ಒಂದು ಗುಟುಕು ಕೊಡಿ" ಎಂದರು ಜೆಮ್ಮಾ.

"ಅದು... ತೀರ್ಥ ಮೇಡಮ್. ವಿಕೊಫೋರ್ತೆ ಚರ್ಚಿಂದು. ನಮ್ಮತ್ತೆಗೆ ಒಯ್ತಾ ಇದ್ದೀನಿ."

"ಹಾಗಾದ್ರೆ ಎರಡು ಹನಿ ತಲೆ ಮೇಲೆ ಹಾಕಿ."

"ಮುಚ್ಚಳ ತೆಗೆದ್ರೆ ಶಕ್ತಿ ಹೋಗುತ್ತೆ." ಆ ಮಾತು ಒಂದು ರೀತಿಯಲ್ಲಿ ನಿಜವೇ ಆಗಿತ್ತು. "ಅದಿರಲಿ, ನಿಮ್ಮದೂ ತುಂಬಿದೆಯಲ್ಲ?"

"ಅದು ನಾಯಿ ಟಾನಿಕ್ಕು."

ಡಾಕ್ಟರು ಕೇಳುವ ಮೊದಲೇ, "ನಂದು ಬಾಯಿ ಮುಕ್ಕಳಿಸೋ ಔಷಧ" ಎಂದರು. ಇಂಜಿನಿಯರು, "ನಂದು ವಿನಿಗರ್, ಕಾಲು ಹಿಡ್ಕೊಂಡ್ರೆ ಹಚ್ಚಕ್ಕೆ" ಎಂದರು. ನಾಲ್ವರೂ ನಾಲ್ಕು ತುಂಬಿದ ಬಾಟಲಿಗಳ ನಡುವೆ ಬಾಯಾರಿ ಕೂತರು.

ಟ್ರಿಂಗ್ ಎಂದು ಗಂಟೆ ಕೇಳಿಸಿತು. ಪಾಲ್ಮಿರಾ ಟೀಚರು ಆರು ದಿನದಿಂದ ಹೇಗೆ ತುಳಿಯುತ್ತಿದ್ದರೋ ಹಾಗೆಯೇ ತುಳಿಯುತ್ತ ಬಂದರು. "ಕೂತಿದೀರಾ ಮಕ್ಕಳೇ? ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಕೈಬೀಸಿ ತಿರುವಿನಾಚೆ ಹೋದರು.

ಜಿಲ್ದೊ ಹೌಹಾರಿದ. ಎಪ್ಪತ್ತೊಂದರ ಟೀಚರು ಮಾರ್ಗದರ್ಶಿಗಿಂತ ಮೊದಲು ಮೇಲೆ ಹೋದರೆ ಪೊರಕೆಯೇ ಗತಿ. ಅಷ್ಟರಲ್ಲಿ ಅವರ ಹಿಂದೆಯೇ ವ್ಯಾನು ಬಂತು. ಜಿಲ್ದೊ ರಸ್ತೆಗೆ ಹಾರಿ ಕೈಮುಗಿದ.

"ಓರೆಸ್ತೆ, ನಿನ್ನ ಕಾಲು ಹಿಡೀತೀನಿ. ಮೇಲಿನ ಕೊನೇ ತಿರುವಿಗೆ ಸ್ವಲ್ಪ ಮುಂಚೆ ಇಳಿಸಿಬಿಡು. ಅಲ್ಲಿಂದ ತುಳ್ಕೊಂಡ್ ಹೋಗ್ತೀನಿ."

"ಕತ್ತೆ ಸಿಗಲಿಲ್ವಾ?" ಎಂದ ಓರೆಸ್ತೆ. ಆದರೂ ಹಿಂಬಾಗಿಲು ತೆರೆದ. "ಹತ್ತು."

ಹತ್ತಿದ್ದು ಅವನೊಬ್ಬನೇ ಅಲ್ಲ. ನಾಲ್ಕು ಸೈಕಲ್ಲು, ನಾಲ್ಕು ಜನ, ಎಲ್ಲರ ಪೆಟ್ಟಿಗೆಗಳು. ಕಿಟಕಿಯಿಲ್ಲದ ಗಾಡಿ. ಬಾಗಿಲು ಧಡಾರನೆ ಮುಚ್ಚಿತು. ಆ ಕತ್ತಲಲ್ಲಿ ಒಂದು ಕೆಂಪು ದೀಪ ಮಿಣುಕಿತು. ಆಮೇಲೆ ಎರಡನೆಯದು, ಮೂರನೆಯದು, ನಾಲ್ಕನೆಯದು. ನಾಲ್ಕು ಬಾಟಲಿಗಳ ತಳಗಳೂ ಮಿಂಚುಹುಳುಗಳ ಹಾಗೆ ಮಿಣುಕುತ್ತಿದ್ದವು.

"ನಾಯಿ ಟಾನಿಕ್ಕು ಚೆನ್ನಾಗಿ ಹೊಳೀತಿದೆ" ಎಂದರು ಇಂಜಿನಿಯರು.

"ನಿಮ್ಮ ವಿನಿಗರೂ ಅಷ್ಟೇ" ಎಂದರು ಜೆಮ್ಮಾ. ಮರುಕ್ಷಣವೇ ಗಂಡನ ಕಡೆ ತಿರುಗಿದರು. "ಏನ್ರೀ, ನಿಮಗೂನಾ? ಐದು ದಿನ 'ನನ್ನ ಕಾಲು ನೋಡಿ ಕಲಿತ್ಕೋ' ಅಂತಿದ್ರಲ್ಲ!"

"ನೀನ್ ಹೇಳಿದ್ಯಾ ನಂಗೆ?" ಎಂದರು ಡಾಕ್ಟರು. ನಾಲ್ವರೂ ಪೆಟ್ಟಿಗೆಗಳ ಮೇಲೆ ಉರುಳಾಡಿ ನಕ್ಕರು. ಜಿಲ್ದೊ ಎಲ್ಲರಿಗಿಂತ ಜೋರಾಗಿ ನಕ್ಕ. ಈ ಐದು ದಿನ ಅವನು ಹೆದರಿದ್ದು ಮನುಷ್ಯರ ಕಾಲಿಗಲ್ಲ, ಬ್ಯಾಟರಿಗೆ ಎಂದು ಗೊತ್ತಾಗಿ ಅವನಿಗೆ ಹೋದ ಜೀವ ಬಂದಂತಾಗಿತ್ತು.

ನಗು ನಿಂತ ಮೇಲೆ ಅವನಿಗೆ ಒಂದು ವಿಷಯ ಹೊಳೆಯಿತು. ಗಾಡಿ ತೆವಳುತ್ತಿತ್ತು. ಅವನು ನಡುವಿನ ತಗಡನ್ನು ಗುದ್ದಿದ.

"ಬೇಗ ಹೋಗೋ!"

"ಮುಂದೆ ಟೀಚರಮ್ಮ ಇದ್ದಾರೆ" ಎಂದು ಓರೆಸ್ತೆಯ ದನಿ ಕೇಳಿಸಿತು.

"ದಾಟೋ ಅವರನ್ನ!"

"ಏನಂದೆ? ಪೊರಕೆ ಗಾಡಿ ಸವಾರರನ್ನ ದಾಟೋದುಂಟಾ? ಮೂವತ್ತು ವರ್ಷದಲ್ಲಿ ಒಬ್ಬರನ್ನೂ ದಾಟಿಲ್ಲ ನಾನು. ರಿಟೈರ್ ಆಗೋ ವರ್ಷ ಹೆಸರು ಕೆಡಿಸ್ಕೊಳ್ಲಾ?"

"ಹಾಗಾದ್ರೆ ನಿಲ್ಸು, ಇಳೀತೀವಿ!"

"ನಿಮ್ಮನ್ನೆಲ್ಲ ಹೇರ್ಕೊಂಡು ಈ ಏರಲ್ಲಿ ನಿಂತ್ರೆ ಗಾಡಿ ಮತ್ತೆ ಎದ್ದೇಳಲ್ಲ. ಸುಮ್ನೆ ಕೂತ್ಕೋ. ನಾಲ್ಕು ಅಕ್ಷರದ ಪದ, 'ಮುಂದಾಳು', ಏನು ಬರುತ್ತೆ?"

ಹಿಂಬಾಗಿಲಿನ ಹಿಡಿ ಹೊರಗಡೆ ಮಾತ್ರ ಇತ್ತು. ಟೀಚರು ಅವಸರವಿಲ್ಲದೆ ತುಳಿದರು. ಗಾಡಿ ಅವಸರವಿಲ್ಲದೆ ಹಿಂಬಾಲಿಸಿತು. ಮುಕ್ಕಾಲು ಗಂಟೆ ಬೆಂದ ಮೇಲೆ ಗಾಡಿ ನಿಂತು, ಚಪ್ಪಾಳೆ ಕೇಳಿಸಿತು. "ಶಾಬಾಶ್ ಟೀಚರಮ್ಮ! ಎಲ್ಲಿ ನಮ್ಮ ಜಿಲ್ದೊ?"

ಓರೆಸ್ತೆ ಬಾಗಿಲು ತೆರೆದ. ಬಿಸಿಲಿನಲ್ಲಿ ವಿತ್ತೋರಿನಾ ಮೇಡಮ್ ಫೊಕಾಚ್ಚಾ ರೊಟ್ಟಿಯ ಪೊಟ್ಟಣ ಹಿಡಿದು ನಿಂತಿದ್ದರು. ಅವರ ಹಿಂದೆ, ದೂರದಲ್ಲಿ, ಸಮುದ್ರ ನೀಲಿಯಾಗಿ ಕಾಣುತ್ತಿತ್ತು. ಒಳಗೆ ಪೆಟ್ಟಿಗೆಗಳ ಮೇಲೆ ಮಾರ್ಗದರ್ಶಿಯೂ ಮೂವರು ಸವಾರರೂ ಬೆವರಿನಲ್ಲಿ ಮಿಂದು ಕೂತಿದ್ದರು. ನಾಲ್ಕು ಬಾಟಲಿ ಮಿಣುಕುತ್ತಿದ್ದವು.

ಮೇಡಮ್ ಬಾಟಲಿಗಳನ್ನು ನೋಡಿದರು, ಜಿಲ್ದೊನನ್ನು ನೋಡಿದರು. ವಿವರ ಕೇಳುವ ಅಗತ್ಯವೇ ಬೀಳಲಿಲ್ಲ.

"ನಾಚಿಕೆ ಆಗಲ್ವಾ? ಮೋಟಾರು! ಹೆಂಗಸು ನಾನು, ಈ ವಯಸ್ಸಲ್ಲಿ ಸ್ವಂತ ಕಾಲಲ್ಲಿ ಹತ್ತಿ ಬಂದಿದೀನಿ. ಮುಗೀತು. ಪೊರಕೆ ಗಾಡಿ ನಿಂದೇ."

"ಆಗಲಿ ಮೇಡಮ್" ಎಂದ ಜಿಲ್ದೊ. ನಾಲಿಗೆ ಅಂಗುಳಕ್ಕೆ ಅಂಟಿತ್ತು. "ಮೊದಲು ಒಂದು ಗುಟುಕು ನೀರು." ಗೋಡೆಗೆ ಒರಗಿದ್ದ ಅವರ ಸೈಕಲ್ಲಿನಿಂದ ತುಂಬಿದ ಬಾಟಲಿಗೆ ಕೈ ಹಾಕಿದ.

"ಅದನ್ನ ಮುಟ್ಬೇಡ!" ಎಂದು ಮೇಡಮ್ ಚೀರಿದರು. "ಅದು... ಔಷಧ!"

ಬಾಟಲಿ ಆಗಲೇ ಅವನ ಕೈಗೆ ಬಂದಿತ್ತು. ತಳದಲ್ಲಿ ದೀಪ ಹಚ್ಚಹಸಿರಾಗಿ ಹೊಳೆಯುತ್ತಿತ್ತು.

"ಇವಾನೊನ ಅಂಗಡಿಯಿಂದಾನಾ?" ಎಂದು ಜಿಲ್ದೊ ಮೆಲ್ಲಗೆ ಕೇಳಿದ.

"ದೇವರಾಣೆ ಬಾಯಿ ಬಿಡಲ್ಲ ಅಂದಿದ್ದ, ಆ ಹಾಳು ಹುಡುಗ" ಎಂದರು ಮೇಡಮ್.

"ನಮಗೂ ಹಾಗೇ ಅಂದಿದ್ದ" ಎಂದು ಮೂವರೂ ಒಟ್ಟಿಗೆ ಹೇಳಿದರು.

ಟೀಚರು ನಗುತ್ತ ತಮ್ಮ ಬುಟ್ಟಿಯಿಂದ ನಿಜವಾದ ನೀರು ತೆಗೆದು ಎಲ್ಲರಿಗೂ ಕೊಟ್ಟರು. "ನನ್ನ ಹತ್ರ ಕೂದಲು ಒಣಗಿಸೋ ಯಂತ್ರಾನೇ ಇಲ್ಲ" ಎಂದರು. "ಆದ್ರೆ ನಲವತ್ತು ವರ್ಷ ಪಾಠ ಮಾಡಿದೀನಿ. ತಪ್ಪು ಮಾಡಿದ ಮಕ್ಕಳು ಛಾವಣಿ ನೋಡ್ತಾರೆ."

ಜಿಲ್ದೊ ಹೊಟ್ಟೆ ತುಂಬ ನೀರು ಕುಡಿದು ಎದೆ ಮುಂದೆ ಮಾಡಿದ. "ಅಂದಮೇಲೆ ಮೇಡಮ್, ಪೊರಕೆ ಗಾಡಿ ನನಗಿಲ್ಲ ತಾನೆ?"

"ಇಲ್ಲ" ಎಂದರು ಮೇಡಮ್. ಅವರು ವ್ಯಾಪಾರದವರು, ಸೋಲಿನಲ್ಲೂ ಲಾಭ ಕಾಣುವವರು. "ಮುಂದಿನ ವರ್ಷದಿಂದ ಕಳ್ಳತನ ಬೇಡ. ಎಲ್ಲರಿಗೂ ಬಾಟಲಿ, ರಾಜಾರೋಷವಾಗಿ. ಟೀಚರಮ್ಮ, ನೀವು ಮುಂದೆ ಹೋಗ್ತೀರಾ? ಕರೆಂಟ್ ಇರಲಿ ಬಿಡಲಿ ಬಂದು ಸೇರೋರು ನೀವೊಬ್ಬರೇ."

"ಅಂಜೂರದ ಕಾಲದಲ್ಲಾದ್ರೆ ಬರ್ತೀನಿ" ಎಂದರು ಟೀಚರು.

"ಮತ್ತೆ ನಾನು?" ಎಂದ ಜಿಲ್ದೊ.

"ಇಷ್ಟೊಂದು ಬಾಟಲಿ ಸಿಕ್ಕಿಸಿದ್ರೆ ಊರೂರಲ್ಲೂ ಲೈಟ್ ಹಾರುತ್ತಲ್ಲ. ಬೀದಿಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತು, ಹಾರಿದಾಗೆಲ್ಲ ಮೀಟರಿನ ಗುಂಡಿ ಎತ್ತೋಕೆ ಒಬ್ಬ ನಂಬಿಕಸ್ಥ ಬೇಕು."

ಜಿಲ್ದೊ ವ್ಯಾನಿನ ಹಿಂದೆ ಕಟ್ಟಿದ್ದ ಪೊರಕೆಯನ್ನು ಮೊದಲ ಸಲ ಆಸೆಯಿಂದ ನೋಡಿದ. "ಮೇಡಮ್, ದೊಡ್ಡ ಮನಸ್ಸು ಮಾಡಿ, ಪೊರಕೆ ಗಾಡೀನೇ ಕೊಟ್ಬಿಡಿ."

"ಅದು ಖಾಲಿ ಇಲ್ಲ" ಎಂದ ಓರೆಸ್ತೆ, ಕಣ್ಣೀರು ಒರೆಸಿಕೊಳ್ಳುತ್ತ. "ನಾನು ರಿಟೈರ್ ಆಗೋದನ್ನ ಬಿಟ್ಟೆ ಕಣೋ. ಇಂಥ ತಮಾಷೆ ನಂಗೆ ಮನೇಲಿ ಎಲ್ಲಿ ಸಿಗುತ್ತೆ?"